ಎಕ್ಸ್‌ರೇ ಮಾವಶಿಯ ಮಸುಕು ಗುಡ್ಡ

ಮಾವಶಿ ಏನನ್ನೇ ನೋಡಲಿ, ಕಣ್ಣು ಅರ್ಧ ಮುಚ್ಚಿ ನೋಡುತ್ತಿದ್ದರು. ತಲೆ ತುಸು ಹಿಂದಕ್ಕೆ, ಗದ್ದ ಮೇಲಕ್ಕೆ, ರೆಪ್ಪೆಗಳ ನಡುವೆ ಒಂದು ಗೆರೆಯಷ್ಟೇ ಸಂದು. ಹೊಸಬರಿಗೆ ಅದು ತಾತ್ಸಾರದಂತೆ ಕಾಣುತ್ತಿತ್ತು. ಹಾಗೆ ನೋಡಿದರೆ ಬಣ್ಣಗಳು ಸೋರಿಹೋಗಿ ಕಪ್ಪು, ಬಿಳುಪು, ನಡುವಿನ ಬೂದು ಮಾತ್ರ ಉಳಿಯುತ್ತವೆ ಎನ್ನುವುದು ಅವರ ಲೆಕ್ಕ. ಆರಗದ ಮದುವೆಯೊಂದರಲ್ಲಿ ಕೆಂಪು ಸೀರೆ, ಹಸಿರು ಕುಪ್ಪಸದ ಮದುಮಗಳನ್ನು ಹೀಗೆ ನೋಡಿ, ಪಕ್ಕದಲ್ಲಿದ್ದ ಬೀಗಿತ್ತಿಗೆ ಕೇಳಿಸುವಂತೆ ಹೇಳಿದ್ದರು: “ಸೀರಿ, ಕುಬಸಾ ಎರಡೂ ಒಂದ ಬೂದಿ. ಫೋಟೋದಾಗ ಹುಡಗಿ ಗೋಣಿಚೀಲ ಹಾಕ್ಕೊಂಡಂಗ ಬರ್ತಾಳ.” ಬೀಗಿತ್ತಿ ಅವರನ್ನು ಊಟಕ್ಕೆ ಕರೆಯಲಿಲ್ಲ. ಮಾವಶಿ ಕರೆಯದೆಯೇ ಹೋಗಿ ಪಂಕ್ತಿಯಲ್ಲಿ ಕೂತು ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡರು.

ಮಿರಜದ ದವಾಖಾನೆಗಳ ಗಲ್ಲಿಯಲ್ಲಿ ಅವರು ಎಕ್ಸ್‌ರೇ ಓದುವ ಡಾಕ್ಟರು. ಬೆಳಗಿನ ಹೊತ್ತು ಪರರ ಎದೆಗೂಡು, ಮೊಣಕಾಲು, ಬೆನ್ನೆಲುಬು; ಉಳಿದ ಹೊತ್ತು ಫೋಟೋ. ಹೂವಿನ ಫೋಟೋ ಇಲ್ಲ, ಮಕ್ಕಳ ನಗು ಇಲ್ಲ, ಗುಡಿಯ ಗೋಪುರ ಇಲ್ಲ. ಮಿರಜದಿಂದ ಮೂಡಣಕ್ಕೆ ಆರಗ, ಲಿಂಗನೂರು, ಸಲಗರೆ ಅಂತ ಹೋಗುವ ಬಯಲುಸೀಮೆ, ಅದೂ ಕಪ್ಪು ಬಿಳುಪಿನಲ್ಲಿ. ಮಾವಶಿ ಆರಗದ ಜೈನರ ಮನೆಯವರು, ನಮ್ಮ ಅವ್ವನ ಬಾಲ್ಯದ ಗೆಳತಿ, ಮದುವೆ ಮಾಡಿಕೊಂಡಿರಲಿಲ್ಲ, ನಮ್ಮ ಮನೆಯ ಮಾಳಿಗೆಯ ಮೇಲೆ ಇದ್ದರು. ಅವ್ವನಿಗೆ ಅವರು ಅಕ್ಕ, ನನಗೆ ಮಾವಶಿ ಎಂದರೆ ದೊಡ್ಡಮ್ಮ, ಗಲ್ಲಿಗೆಲ್ಲ ಎಕ್ಸ್‌ರೇ ಮಾವಶಿ.

ಇಷ್ಟು ಓದಿದ ಕೂಡಲೇ ನೀವು ಒಬ್ಬ ಮೃದುಮಾತಿನ, ಬೆಳ್ಳಿಗೂದಲಿನ ಕಲಾವಿದೆಯನ್ನು ಊಹಿಸಿಕೊಂಡಿದ್ದರೆ ಅದನ್ನು ದಯವಿಟ್ಟು ಅಳಿಸಿಬಿಡಿ. ಅವರಿಗೆ ಸೊಕ್ಕಿತ್ತು. ತಮ್ಮ ಓದಿನ ಸೊಕ್ಕು, ಕಣ್ಣಿನ ಸೊಕ್ಕು. ಬಸ್ಸಿನಲ್ಲಿ ಕಿಟಕಿಯ ಸೀಟಿಗಾಗಿ ಕಾಲೇಜು ಹುಡುಗರನ್ನು ಎಬ್ಬಿಸುತ್ತಿದ್ದರು. ತಪ್ಪು ಒಪ್ಪಿಕೊಳ್ಳುವ ಪ್ರಸಂಗ ಬಂದರೆ ಕೆಮ್ಮುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರನ್ನು ಸಿಹಿ ಮಾಡುವವರು ಬಹಳಾಗಿದ್ದಾರೆ. ನಾನು ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಅವರ ಮೇಲಿನ ಸಿಟ್ಟಿನಿಂದ.

ನನ್ನದೂ ಒಂದು ಮಾತು ಹೇಳಬೇಕು. ಅವ್ವ ಕಲಿಸುವ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿ, ಆಮೇಲೆ ಮರಾಠಿಗೆ ಹಾರಿ, ಸಾಂಗ್ಲಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಚೀಟಿ ಎತ್ತಿದ ಮೇಲೆ ಯಾವ ಪಕ್ಷ ಬಂದರೂ ಎದುರಿನವರನ್ನು ಕೆಡವುವುದು ನನ್ನ ಅಭ್ಯಾಸ. ದೇವರು, ಜಾತಕ, ಪವಾಡ, ನಾಯಕರ ಭಾಷಣ ಯಾವುದನ್ನೂ ಸಾಕ್ಷಿ ಕೇಳದೆ ಒಳಗೆ ಬಿಟ್ಟುಕೊಂಡಿಲ್ಲ. ಮಾವಶಿ ನನ್ನನ್ನು ‘ವಕೀಲಬಾಯಿ’ ಎಂದು ಕರೆಯುತ್ತಿದ್ದರು. ಹೊಗಳಿಕೆಯಲ್ಲ.

ಅವರ ಗೋಡೆಯ ಫೋಟೋಗಳನ್ನು ಮೊದಲ ಸಲ ಸರಿಯಾಗಿ ನೋಡಿದಾಗ ನನಗೆ ಅನಿಸಿದ್ದನ್ನು ಹೇಳಿಬಿಟ್ಟೆ.

“ಮಾವಶಿ, ನಿಮ್ಮ ಫೋಟೋ ಸಪ್ಪಗ ಅದಾವ್ರಿ.”

“ಸಪ್ಪಗ ಅನ್ನೂದು ನಿನ್ನ ನಾಲಗಿ ಸುದ್ದಿ. ಫೋಟೋದಾಗ ಏನಿಲ್ಲ ಅದನ್ನ ಹೇಳ.”

“ಕಾಂಟ್ರಾಸ್ಟ್ ಇಲ್ರಿ. ಕಪ್ಪು ಬಿಳುಪು ಅಂದ ಮ್ಯಾಲೆ ಕಪ್ಪು ಕಪ್ಪಾಗಿರಬೇಕು, ಬಿಳುಪು ಬಿಳುಪಾಗಿರಬೇಕು.”

ಅವರು ಒಂದು ಫೋಟೋವನ್ನು ಗೋಡೆಯಿಂದ ಕಿತ್ತು ನನ್ನ ತೊಡೆಯ ಮೇಲಿಟ್ಟರು. ಲಿಂಗನೂರ ಕಡೆಯ ಒಂದು ಹೊಲ, ಹಾಳುಬಾವಿ, ದಾರಕ್ಕೆ ನೇತು ಹಾಕಿದ ಅಂಗಿ, ಹಿಂದೆ ಬಯಲು. “ಇದರಾಗ ಖರೇ ಕರಿ ಎಲ್ಲೈತಿ? ಬಟ್ಟ ಇಟ್ಟು ತೋರಸ.” ಬಾವಿಯ ಬಾಯಿ ತೋರಿಸಿದೆ. “ಖರೇ ಬಿಳಿ?” ಅಂಗಿ ತೋರಿಸಿದೆ. “ಅದಾವಲ್ಲ ಮತ್ತ? ಎರಡು ಗ್ವಾಡಿ ಎದ್ದು ನಿಂತಾವ. ಉಳದ ಸಂಸಾರ ಎಲ್ಲಾ ಅವೆರಡರ ನಡುವ ನಡೀಬೇಕು. ನೀ ಗ್ವಾಡಿ ಒಂದಕ್ಕೊಂದು ನೂಕ್ಕೋತ ಬಂದ್ರ ನಡುವಿನವರು ಏನ ಗ್ವಾಡಿಯೊಳಗ ಹೊಕ್ಕೋಬೇಕೇನ?”

ಅವರ ಬಳಿ ಎರಡು ತೀರ್ಪುಗಳಿದ್ದವು. ಮುದ್ರಿಸಿದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಒಂದೋ “ಸತ್ತೈತಿ” ಅನ್ನುತ್ತಿದ್ದರು, ಇಲ್ಲವೆ “ಚೀರತೈತಿ”. ಖರೇ ಕಪ್ಪು ಎಲ್ಲೂ ಇಲ್ಲದೆ ಎಲ್ಲವೂ ಸಗಣಿ ತೊಳೆದ ನೀರಿನಂತಿದ್ದರೆ ಸತ್ತದ್ದು. ಕಪ್ಪು ಬಿಳುಪು ಹೊಡೆದಾಡಿ ನಡುವಿನದೆಲ್ಲ ಮಾಯವಾಗಿದ್ದರೆ ಚೀರುವುದು. ಮೂರನೆಯ ತೀರ್ಪು ಇರಲಿಲ್ಲ. ಎರಡೂ ಅನ್ನದೆ ಸುಮ್ಮನೆ ಗೋಡೆಗೆ ಹಚ್ಚಿದರೆ ಅದು ಪಾಸು. ಒಂದು ವಿಷಯ ಗಮನಿಸಿ: ಅವರು ಕಾಂಟ್ರಾಸ್ಟಿನ ವಿರೋಧಿಯಾಗಿರಲಿಲ್ಲ. “ಬ್ಯಾಡ ಅಂತ ಯಾರಂದ್ರು? ಎಲ್ಲಿ ಬೇಕೋ ಅಲ್ಲಿ ಹಾಕ. ಎಲ್ಲಾ ಕಡೆ ಹಾಕಾವರು ಉಪ್ಪಿನ ಡಬ್ಬಿ ಬೋರಲ ಮಾಡಾವರು” ಎನ್ನುತ್ತಿದ್ದರು. ಇದು ಯಾಕೆ ಮುಖ್ಯ ಎನ್ನುವುದಕ್ಕೆ ಮುಂದೆ ಬರುತ್ತೇನೆ. ಅವರ ಹೆಸರಿನಲ್ಲಿ ಒಂದು ಹಸಿ ಸುಳ್ಳು ಸಾಂಗ್ಲಿಯಲ್ಲಿ ಓಡಾಡುತ್ತಿದೆ.

ಈಗ ಗುಡ್ಡದ ಮಾತು.

ಸಲಗರೆ ದಾಟಿದ ಮೇಲೆ ಒಂದು ಗುಡ್ಡವಿದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿನವರಿಗೇ ತೊಂದರೆ. ಗುಡ್ಡದ ಒಂದು ಮಗ್ಗುಲಲ್ಲಿ ಕಲ್ಲು ಪುಡಿ ಮಾಡುವ ಕ್ರಶರ್, ಇನ್ನೊಂದು ಮಗ್ಗುಲಲ್ಲಿ ಅವ್ವನ ಶಾಲೆ. ಗಾಳಿ ಈ ಕಡೆ ತಿರುಗಿದ ದಿನ ಮಕ್ಕಳು ಬೆಂಚು ಒರೆಸಿ ಕೂರುತ್ತಾರೆ. ಮಧ್ಯಾಹ್ನದ ಗಂಜಿಯ ಮೇಲೆ ತಟ್ಟೆ ಮುಚ್ಚುತ್ತಾರೆ. ಅವ್ವ ಕೆಮ್ಮಲು ಶುರು ಮಾಡಿ ಬಹಳ ದಿನವಾಗಿತ್ತು. ಆ ವರ್ಷ ಕ್ರಶರಿನವರು ಶಾಲೆಯ ಮಗ್ಗುಲನ್ನೂ ಅಗೆಯಲು ಪರವಾನಗಿ ಕೇಳಿದರು. ಕೊಡುವ ಮೊದಲು ಸರಕಾರದ ಸಾಹೇಬರು ಬಂದು ಊರವರ ಅಹವಾಲು ಕೇಳುವ ಸುನಾವಣಿ ಆಗಬೇಕಿತ್ತು. ಹಳ್ಳಿಯವರು ಧೂಳು ಎಂದರು. ಕ್ರಶರಿನವರು ಎಲ್ಲಿದೆ ಧೂಳು ಎಂದರು.

ಅವ್ವನ ಎದೆಯ ಎಕ್ಸ್‌ರೇ ಓದಿದ್ದು ಮಾವಶಿಯೇ. ದೀಪದ ಪೆಟ್ಟಿಗೆಯ ಮೇಲೆ ಫಿಲ್ಮ್ ಸಿಕ್ಕಿಸಿ ಬಹಳ ಹೊತ್ತು ನೋಡಿದರು.

“ಸದ್ಯ ಸ್ವಚ್ಛ ಐತಿ.”

“ಸದ್ಯ ಅಂದ್ರ?” ಅವ್ವ ಕೇಳಿದಳು.

“ಸದ್ಯ ಅಂದ್ರ ಸದ್ಯ. ಮುಂದಿಂದು ಫಿಲ್ಮಿನಾಗ ಬರೂದಿಲ್ಲ.”

ನಾನು ಬಿಡಲಿಲ್ಲ. ಕೆಮ್ಮಿಗೆ ಕ್ರಶರಿನ ಧೂಳೇ ಕಾರಣ ಅಂತ ಒಂದು ಸಾಲು ಬರೆದುಕೊಡಿ, ಡಾಕ್ಟರ ಸಹಿ ಬಿದ್ದರೆ ಅದಕ್ಕೊಂದು ತೂಕ ಎಂದೆ. ಮಾವಶಿ ಪೆಟ್ಟಿಗೆಯ ದೀಪ ಆರಿಸಿದರು. “ಇದ್ದದ್ದು ಬರೀತೀನಿ. ಇಲ್ಲದ್ದು ಬರಿ ಅಂದ್ರ ನೀ ಮಾಳಗಿ ಇಳಿ. ನಾಳೆ ಅವರ ವಕೀಲ ಬಂದು ಫಿಲ್ಮಿನಾಗ ಕ್ರಶರ್ ಎಲ್ಲೈತಿ ತೋರಸ್ರಿ ಅಂದ್ರ ಏನ ತೋರಸ್ಲಿ, ನಿನ್ನ ಮಾರಿ?”

ಒಪ್ಪಲೇಬೇಕು, ಅದು ನಾನೇ ಕೊಡಬೇಕಾಗಿದ್ದ ಉತ್ತರ. ಜೀವನವಿಡೀ ಸಾಕ್ಷಿ ಸಾಕ್ಷಿ ಎಂದು ಬೊಬ್ಬೆ ಹೊಡೆದವಳಿಗೆ ಅವ್ವನ ಕೆಮ್ಮು ಬಂದ ಕೂಡಲೇ ಸಾಕ್ಷಿ ಬೇಡವಾಗಿತ್ತು. ಮಾವಶಿಗೆ ಆಗಲೂ ಬೇಕಿತ್ತು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿದರು: “ಫಿಲ್ಮಿನಾಗ ಇಲ್ಲದ್ದು ಗುಡ್ಡದಾಗ ಐತಿ. ನಾಳೆ ಸ್ಟ್ಯಾಂಡ್ ಹಿಡಕೊಂಡು ಬಾ.”

ಹೀಗೆ ಆ ಫೋಟೋ ಶುರುವಾದದ್ದು. ಮಿರಜದಿಂದ ಸರಕಾರಿ ಲಾಲ್ ಬಸ್ಸಿನಲ್ಲಿ ಕ್ಯಾಮೆರಾದ ಮುಕ್ಕಾಲಿ ಸ್ಟ್ಯಾಂಡ್ ನನ್ನ ಮಡಿಲಲ್ಲಿ, ಕಿಟಕಿ ಅವರಿಗೆ. ಶಾಲೆಯ ಹಿಂದಿನ ಏರಿಯ ಮೇಲೆ ನಿಂತು ಅವರು ಬಿಸಿಲು ಓರೆಯಾಗುವುದನ್ನು ಕಾದರು. ಮತ್ತೆ ಮತ್ತೆ ಹೋದೆವು. ಕ್ರಶರಿನ ಮ್ಯಾನೇಜರ್ ಒಮ್ಮೆ ಮೋಟರ್‌ಸೈಕಲ್ ನಿಲ್ಲಿಸಿ ಮಾತಾಡಿಸಿದ. ಕೆಟ್ಟ ಮನುಷ್ಯನೇನಲ್ಲ, ಚಹಾ ತರಿಸಲೇ ಎಂದು ಕೇಳಿದ. ಮರಾಠಿಯಲ್ಲಿ, “ಬಾಯಿ, ಸೋಮವಾರೀ ಯಾ ನಾ, ಡೋಂಗರ ಎಕದಮ್ ಕ್ಲಿಯರ್ ದಿಸತೋ” ಎಂದ. ಸೋಮವಾರ ಅವರ ಸೂಟಿ, ಕ್ರಶರ್ ಬಂದ್. ಆವತ್ತು ಬಂದರೆ ಗುಡ್ಡ ನಿಚ್ಚಳವಾಗಿ ಕಾಣುತ್ತದೆ ಎಂಬ ಉಪಕಾರದ ಸಲಹೆ.

ಮಾವಶಿ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಕನ್ನಡದಲ್ಲೇ ಹೇಳಿದರು: “ಸೂಟಿ ದಿನ ಕ್ಲಿಯರ್ ಕಾಣಸ್ತೈತಿ ಅಂತ ನಿನಗ ಗೊತ್ತೈತಿ. ಅಂದ್ರ ಉಳದ ದಿನ ಹೆಂಗ ಕಾಣಸ್ತೈತಿ ಅನ್ನೂದೂ ಗೊತ್ತೈತಿ. ಆತು, ಚಾದಾಗ ಸಕ್ರಿ ಕಡಿಮಿ ಹಾಕಸು.”

ಅವನಿಗೆ ಕನ್ನಡ ತಿಳಿಯುತ್ತಿತ್ತು. ಚಹಾ ಬರಲಿಲ್ಲ.

ಫೋಟೋ ತೆಗೆಯುವುದು ಅರ್ಧ ಕೆಲಸ. ಅಸಲಿ ಕೆಲಸ ಮಾಳಿಗೆಯ ಮೇಲೆ, ಕಂಪ್ಯೂಟರಿನ ಮುಂದೆ. ಧೂಳಿನ ಬೂದು ಮತ್ತು ಆಕಾಶದ ಬೂದು ಬಹುತೇಕ ಒಂದೇ. ಕಾಂಟ್ರಾಸ್ಟ್ ಕಡಿಮೆಯಾದರೆ ಧೂಳು ಆಕಾಶದೊಳಗೆ ಸೇರಿ ಕಳೆದುಹೋಗುತ್ತದೆ. ಹೆಚ್ಚು ಮಾಡಿದರೆ ಧೂಳಿನ ಹಿಂದಿನ ಬಂಡೆಗಳು ಗಟ್ಟಿಯಾಗಿ ಮುಂದೆ ಬಂದು ಧೂಳು ತೊಳೆದು ಹೋಗುತ್ತದೆ. ಎರಡರ ನಡುವೆ ಕೂದಲೆಳೆಯಷ್ಟು ಜಾಗ. ಅವರು ಆ ಎಳೆಗಾಗಿ ದಿನಗಟ್ಟಲೆ ಬಡಿದಾಡಿದರು. ಆಕಾಶಕ್ಕೂ ಧೂಳಿಗೂ ನಡುವೆ ಮಾತ್ರ ಅಂತರ ತುಸು ಎತ್ತಿದರು, ಶಾಲೆಯ ಬಾವಿಯ ಕಪ್ಪನ್ನೂ ಸುಣ್ಣದ ಗೋಡೆಯ ಬಿಳುಪನ್ನೂ ಮುಟ್ಟಲಿಲ್ಲ. ಒಂದು ಮುಂಜಾನೆ ಸುಮ್ಮನೆ ಗೋಡೆಗೆ ಹಚ್ಚಿದರು.

ಮೊದಲ ನೋಟಕ್ಕೆ ಏನೂ ಇಲ್ಲ. ಒಂದು ಗುಡ್ಡ, ಕೆಳಗೆ ಶಾಲೆ. ತುಸು ಹೊತ್ತು ನಿಂತರೆ ಗುಡ್ಡ ಎರಡಾಗುತ್ತದೆ: ಮೇಲಿನ ಅರ್ಧ ಕಲ್ಲು, ಕೆಳಗಿನ ಅರ್ಧ ತೆಳ್ಳನೆಯ ಬಟ್ಟೆಯ ಹಿಂದೆ. ಆ ಬಟ್ಟೆಯ ಅಂಚು ಎಲ್ಲಿ ಮುಗಿಯುತ್ತದೆ ಎಂದು ಹುಡುಕಿಕೊಂಡು ಹೋದರೆ ಕಣ್ಣು ಶಾಲೆಯ ಕಿಟಕಿಗೆ ಬಂದು ನಿಲ್ಲುತ್ತದೆ.

“ಒಂದ ನೋಟಕ್ಕ ತಿಳಿಯೂದಿಲ್ರಿ” ಎಂದೆ.

“ಒಂದ ನೋಟ ನೋಡಾವರ ಸಲುವಾಗಿ ನಾ ತಗದಿಲ್ಲ.”

“ಸುನಾವಣಿಗೆ ಬರೋ ಸಾಹೇಬ್ರು ಒಂದ ನೋಟ ನೋಡ್ತಾರ್ರಿ, ಅದೂ ಗಡಿಯಾರದ ಕಡೆ ನೋಡ್ಕೋತ.”

“ಅದಕ್ಕ ನೀ ಇರ್ತಿ ಅಲ್ಲ, ಬಾಯಿ ಮಾಡಾಕ.”

ಅಷ್ಟರಲ್ಲಿ ಸಾಂಗ್ಲಿಯ ಒಂದು ಕಲಾಮಂಡಳಿಯವರು ಬಂದರು. ಜಿಲ್ಲೆಯ ನಿಸರ್ಗಸೌಂದರ್ಯ ಎಂಬ ಪ್ರದರ್ಶನಕ್ಕೆ ಮಾವಶಿಯ ಫೋಟೋ ಬೇಕು, ದೊಡ್ಡದಾಗಿ ಮುದ್ರಿಸುತ್ತೇವೆ, ಪುಸ್ತಿಕೆಯಲ್ಲೂ ಹಾಕುತ್ತೇವೆ ಎಂದರು. ಮಾವಶಿಗೆ ಸೊಕ್ಕಿತ್ತೆಂದು ಹೇಳಿದೆನಲ್ಲ. ಹೊಗಳಿಕೆಗೆ ಹಸಿವೂ ಇತ್ತು. ಗುಡ್ಡದ ಫೈಲನ್ನೇ ಕೊಟ್ಟರು. ಸಾಂಗ್ಲಿಯ ಜನ ನೋಡಲಿ, ಧೂಳಿನ ಸುದ್ದಿ ಊರಿಗೆಲ್ಲ ಹಬ್ಬಲಿ ಎನ್ನುವುದೂ ಇತ್ತು.

ಉದ್ಘಾಟನೆಯ ದಿನ ನಾವು ಹೋದೆವು. ಬಾಗಿಲಲ್ಲೇ ಎದುರಿಗೆ ನಮ್ಮ ಗುಡ್ಡ, ಆಳೆತ್ತರ. ಜನ ಅದರ ಮುಂದೆ ನಿಂತು ವಾಹ್ ಅನ್ನುತ್ತಿದ್ದರು. ಆಕಾಶ ಕಾಡಿಗೆಯಂತೆ ಕಪ್ಪು. ಮೋಡಗಳು ಉಳಿ ಹಿಡಿದು ಕೆತ್ತಿದಂತೆ. ಗುಡ್ಡದ ಒಂದೊಂದು ಬಂಡೆಯೂ ಎಣಿಸುವ ಹಾಗೆ ಎದ್ದು ನಿಂತಿತ್ತು. ಬುಡದಲ್ಲಿ ಶಾಲೆ, ಸೋಪಿನಲ್ಲಿ ತೊಳೆದಿಟ್ಟಂತೆ. ಧೂಳು ಒಂದು ಚೂರೂ ಇರಲಿಲ್ಲ.

ಮಾವಶಿ ಕಣ್ಣು ಕಿರಿದು ಮಾಡಲೇ ಇಲ್ಲ. ಪೂರ್ತಿ ತೆರೆದು ನೋಡಿದರು. “ಇದು ಯಾರ ಫೋಟೋ?”

ಸಂಯೋಜಕರು ಓಡಿ ಬಂದರು. “ಮ್ಯಾಡಮ್, ತುಮಚಾಚ!” ನಿಮ್ಮದೇ ಎಂದು ನಕ್ಕರು.

“ನಂದಲ್ಲ.”

ಅದನ್ನು ಅವರು ವಿನಯ ಎಂದುಕೊಂಡರು. ಮೂಲ ಫೈಲ್ ಸ್ವಲ್ಪ ಡಲ್ ಇತ್ತು, ಪ್ರೆಸ್ಸಿನ ಹುಡುಗ ಕಾಂಟ್ರಾಸ್ಟ್ ಏರಿಸಿದ, ಮಬ್ಬು ತೆಗೆಯುವ ಒಂದು ಗುಂಡಿ ಇರುತ್ತದಲ್ಲ ಅದನ್ನೂ ಎಳೆದ, ಈಗ ನೋಡಿ ಹೇಗೆ ಎದ್ದು ಕುಂತಿದೆ ಎಂದು ಮರಾಠಿಯಲ್ಲಿ ವಿವರಿಸಿದರು. ಮಾವಶಿಯ ಉತ್ತರವೂ ಮರಾಠಿಯಲ್ಲಿತ್ತು. ಕನ್ನಡದಲ್ಲಿ ಹೇಳಿದರೆ ಇಷ್ಟು: ನಾನು ಎದೆಯ ಫಿಲ್ಮ್ ಓದಿ ಪುಪ್ಪುಸದಲ್ಲಿ ಮಚ್ಚೆಯಿದೆ ಎಂದು ಬರೆಯುತ್ತೇನೆ, ನೀವು ಪೇಶಂಟ್ ಚೆಂದ ಕಾಣಲಿ ಅಂತ ಮಚ್ಚೆ ಅಳಿಸುತ್ತೀರಿ, ಆಮೇಲೆ ನನ್ನ ಸಹಿ ಹಾಗೇ ಇಡುತ್ತೀರಿ.

ಫೋಟೋ ಇಳಿಸಿದರು. ಪುಸ್ತಿಕೆ ಹಂಚಿ ಮುಗಿದಿತ್ತು.

ಇಲ್ಲಿ ಒಂದು ಪಿತೂರಿ ಇತ್ತೆಂದು ನನ್ನ ಗೆಳೆಯರು ಹೇಳುತ್ತಾರೆ. ಇರಲಿಲ್ಲ. ನಾನು ಹುಡುಕಿದ್ದೇನೆ. ಇದ್ದಿದ್ದರೆ ನನಗೆ ಸುಲಭವಿತ್ತು. ಒಬ್ಬ ಖಳನಾಯಕ ಸಿಗುತ್ತಿದ್ದ. ಸಂಯೋಜಕರಿಗೆ ಕ್ರಶರ್ ಎಲ್ಲಿದೆ ಎಂದೂ ಗೊತ್ತಿರಲಿಲ್ಲ. ಪ್ರೆಸ್ಸಿನ ಹುಡುಗ ದಿನವೂ ಲಗ್ನದ ಫೋಟೋಗಳಿಗೆ ಮಾಡುವುದನ್ನೇ ಇದಕ್ಕೂ ಮಾಡಿದ. ಅವರಿಗೆ ಇದ್ದದ್ದು ಅಭಿರುಚಿ, ಅಷ್ಟೇ. ನಿಸರ್ಗ ಎಂದರೆ ಭವ್ಯ, ಭವ್ಯ ಎಂದರೆ ಕಪ್ಪು ಆಕಾಶ. ಯಾರೂ ಸುಳ್ಳು ಹೇಳದೆ, ಯಾರೂ ಲಂಚ ತಿನ್ನದೆ, ಒಂದು ಹಳ್ಳಿಯ ಧೂಳನ್ನು ಬರೀ ಒಳ್ಳೆಯ ಅಭಿರುಚಿಯಿಂದ ಅಳಿಸಬಹುದು ಎನ್ನುವುದು ನನಗೆ ಪಿತೂರಿಗಿಂತ ಹೆಚ್ಚು ಸಿಟ್ಟು ಬರಿಸುತ್ತದೆ.

ಸುನಾವಣಿ ಶಾಲೆಯ ಅಂಗಳದಲ್ಲೇ ನಡೆಯಿತು. ಪೆಂಡಾಲು, ಕುರ್ಚಿ, ನೀರಿನ ಬಾಟಲಿ. ಆವತ್ತು ಕ್ರಶರ್ ಬಂದ್. ಅದು ಬೇರೆ ಹೇಳಬೇಕೆ? ಹಿಂದಿನ ದಿನವೂ ಬಂದ್ ಇತ್ತು. ಸಾಹೇಬರು ತಲೆಯೆತ್ತಿ ನೋಡಿದರೆ ಎದುರಿಗೆ ನಿಚ್ಚಳ ಗುಡ್ಡ. ಹಳ್ಳಿಯವರು ಧೂಳು ಧೂಳು ಎಂದಷ್ಟೂ ಅದು ಇನ್ನಷ್ಟು ನಿಚ್ಚಳವಾಗಿ ಕಾಣುತ್ತಿತ್ತು. ಮಾವಶಿ ತಮ್ಮ ಮೂಲ ಮುದ್ರಣ ಹಿಡಿದು ಎದ್ದರು. ಬೇರೆ ದಿನ ಇಲ್ಲಿ ಹೇಗಿರುತ್ತದೆ ಎನ್ನುವುದು ಇದರಲ್ಲಿದೆ ಎಂದರು.

ಕ್ರಶರಿನ ಪರವಾಗಿ ಬಂದವನು ಇಸ್ತ್ರಿ ಅಂಗಿಯ, ಒಳ್ಳೆಯ ಮರಾಠಿಯ ಮನುಷ್ಯ. ಚೀಲದಿಂದ ಪುಸ್ತಿಕೆ ತೆಗೆದು ಪುಟ ಬಿಡಿಸಿ ಎತ್ತಿ ತೋರಿಸಿದ. ಇದೂ ಡಾಕ್ಟರ್ ಬಾಯಿಯವರದೇ ಫೋಟೋ, ಅದೇ ಗುಡ್ಡ, ಅದೇ ಶಾಲೆ, ಕೆಳಗೆ ಅವರದೇ ಹೆಸರು. ಧೂಳೆಲ್ಲಿ?

“ಅದನ್ನ ಪ್ರೆಸ್ಸಿನವರು ಕಂಪ್ಯೂಟರಿನಾಗ ಕೆಡಿಸ್ಯಾರ” ಎಂದರು ಮಾವಶಿ.

“ನಿಮ್ಮ ಕೈಯಲ್ಲಿರುವುದು ಕಂಪ್ಯೂಟರ್ ಮುಟ್ಟದೆ ಬಂದದ್ದೇ ಡಾಕ್ಟರ್?”

ಆ ಪ್ರಶ್ನೆ ಎಷ್ಟು ಚೆನ್ನಾಗಿದೆ ನೋಡಿ. ಅವನ ಜಾಗದಲ್ಲಿ ನಾನಿದ್ದರೆ ಅದನ್ನೇ ಕೇಳುತ್ತಿದ್ದೆ, ಅದೇ ನಯದಿಂದ. ಅದಕ್ಕೆ ಕೊಡಬೇಕಾದ ಉತ್ತರಗಳೂ ನನ್ನ ನಾಲಗೆಯ ತುದಿಯಲ್ಲಿದ್ದವು: ಪ್ರಶ್ನೆಯನ್ನೇ ಪ್ರಶ್ನಿಸಬೇಕು, ಹೌದು ಅಲ್ಲ ಎನ್ನಬಾರದು, ಹಾಗಾದರೆ ನಾಳೆ ಹೇಳದೆ ಕೇಳದೆ ಬಂದು ನೋಡಿ ಎಂದು ಸಾಹೇಬರತ್ತ ತಿರುಗಬೇಕು. ಎದ್ದು ನಿಂತೆ. ಮಾವಶಿ ಕೈಯಿಂದ ನನ್ನನ್ನು ಕೂರಿಸಿದರು.

“ಹೌದು” ಎಂದರು. “ಎರಡೂ ಕಂಪ್ಯೂಟರಿನಾಗ ಮಾಡಿದ್ದು.”

ಪೆಂಡಾಲಿನಲ್ಲಿ ಯಾರೋ ನಕ್ಕರು. ಸಾಹೇಬರು ಏನೋ ಬರೆದುಕೊಂಡರು. ಪರವಾನಗಿ ಕೆಲವು ಷರತ್ತುಗಳ ಮೇಲೆ ಸಿಕ್ಕಿತು: ದಿನವೂ ನೀರು ಸಿಂಪಡಿಸಬೇಕು, ತಗಡಿನ ಮರೆ ಕಟ್ಟಬೇಕು, ಆಗಾಗ ತಪಾಸಣೆ ನಡೆಯಬೇಕು.

ವಾಪಸ್ ಬರುವ ಬಸ್ಸಿನಲ್ಲಿ ನಾನು ಅವರೊಡನೆ ಜಗಳವಾಡಿದೆ. ಬಸ್ಸಿನ ಜನವೆಲ್ಲ ತಿರುಗಿ ನೋಡುವ ಹಾಗೆ.

“ನೀವು ಒಪ್ಪಿಕೊಂಡು ಕೆಡಸಿದ್ರಿ. ಹೌದು ಅಂತ ಯಾಕ ಅಂದ್ರಿ?”

“ಖರೇ ಇದ್ದದ್ದಕ್ಕ ಮತ್ತೇನ ಅನ್ಲಿ?”

“ಖರೇ ಹೇಳಿ ಸೋತ್ರಿ! ಅವ್ವ ನಾಳೆ ಅದ ಧೂಳಿನಾಗ ಹೋಗಿ ಪಾಠ ಮಾಡಬೇಕು. ನಿಮಗ ನಿಮ್ಮ ಪ್ರಾಮಾಣಿಕತನದ ಶೋಕಿ.”

ಅವರಿಗೆ ತಾಗಿತು. ಕಿಟಕಿಯತ್ತ ಮುಖ ಮಾಡಿದರು. ಆಮೇಲೆ ತಿರುಗದೆಯೇ ಹೇಳಿದರು: “ಅಂವ ನನ್ನ ಫೋಟೋ ಸುಳ್ಳು ಅನ್ಲಿಲ್ಲ, ವಕೀಲಬಾಯಿ. ಎರಡೂ ಒಂದ ಅಂದ. ಎರಡೂ ಒಂದಲ್ಲ ಅನ್ನೂದು ಬಾಯಿಲೆ ತೋರಸಾಕ ಬರೂದಿಲ್ಲ. ಕಣ್ಣಿಲೆ ತೋರಸಬೇಕು. ಇವತ್ತ ಆಗ್ಲಿಲ್ಲ.”

ನನಗೆ ಸಮಾಧಾನವಾಗಲಿಲ್ಲ. ಇವತ್ತಿಗೂ ಆಗಿಲ್ಲ. ಆವತ್ತು ಅವರು ನನ್ನನ್ನು ಕೂರಿಸಿದ್ದು ತಪ್ಪು ಎಂದೇ ನನ್ನ ವಾದ. ಸತ್ತವರ ಜೊತೆ ವಾದ ಮುಗಿಸಬೇಕೆಂಬ ನಿಯಮ ನಾನು ಎಲ್ಲೂ ಓದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹಾಸಿಗೆ ಹಿಡಿದರು. ಮೂತ್ರಪಿಂಡದ ರೋಗ. ಧೂಳಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಇದೆ ಎಂದು ಬರೆದಿದ್ದರೆ ಈ ಬರಹ ಇನ್ನಷ್ಟು ಚೆಂದವಾಗುತ್ತಿತ್ತು. ಆದರೆ ಹಾಗೆ ಬರೆದವರನ್ನು ಮಾಳಿಗೆ ಇಳಿಸುತ್ತಿದ್ದವರು ಅವರೇ. ಕಂಪ್ಯೂಟರ್ ಮುಂದೆ ಕೂರಲಾಗದೆ ನನ್ನನ್ನು ಕೂರಿಸಿದರು. ಗುಡ್ಡದ ಮೂಲ ಮುದ್ರಣ ಸುನಾವಣಿಯ ಗದ್ದಲದಲ್ಲಿ ಯಾರದೋ ಕುರ್ಚಿಯ ಕೆಳಗೆ ಮಡಚಿಹೋಗಿತ್ತು. ಮತ್ತೆ ಮಾಡಬೇಕಿತ್ತು, ಈ ಸಲ ಶಾಲೆಗೆಂದು, ದೊಡ್ಡದಾಗಿ. ಹಳೆಯ ಅಳತೆ ದೊಡ್ಡ ಹಾಳೆಗೆ ಒಗ್ಗುವುದಿಲ್ಲ, ಹೊಸದಾಗಿ ತೂಗು ಎಂದರು.

ನಾನು ಮುದ್ರಿಸಿ ತರುತ್ತಿದ್ದೆ. ಅವರು ದಿಂಬಿಗೊರಗಿ ಕಿಟಕಿಯ ಕಡೆ ಹಿಡಿಸಿ ನೋಡುತ್ತಿದ್ದರು.

“ಚೀರತೈತಿ. ನಿನ್ನಂಗ.”

ಮತ್ತೊಂದು ತಂದೆ. “ಸತ್ತೈತಿ.”

“ಎಲ್ಲಿ ಸತ್ತೈತಿ ಹೇಳ್ರಿ, ಅಲ್ಲಿ ಎತ್ತತೀನಿ.”

“ನನ್ನ ಕೇಳಬ್ಯಾಡ. ಶಾಳಾದ ಕಿಟಕಿ ಕೇಳ. ಧೂಳ ಅಲ್ಲೀತನಾ ಬಂದು ಮುಟ್ಟತೈತೋ ಇಲ್ಲೋ?”

ಚಹಾ ತಂದ ಅವ್ವ ಮಂಚದ ತುದಿಗೆ ಕೂತು, “ಅಕ್ಕಾ, ಆ ಹುಡಗಿಗೆ ಒಂದ ಸಲ ಚಲೋ ಐತಿ ಅನ್ನಬಾರದೇನ?” ಎಂದಳು.

“ಚಲೋ ಇದ್ದಾಗ ಅಂತೀನಿ. ಇಲ್ಲಾ, ನೀ ಅನ್ನು, ನಿನ್ನ ಮಗಳ.”

ಇನ್ನೊಂದು ಹಾಳೆ ಮುದ್ರಿಸಿ ನಾನು ಮೇಲೆ ಬಂದಾಗ ಮಂಚ ಖಾಲಿಯಿತ್ತು. ದವಾಖಾನೆಗೆ ಒಯ್ದಿದ್ದರು. ಅಲ್ಲಿಂದ ಅವರು ತಿರುಗಿ ಬರಲಿಲ್ಲ. ಆ ಹಾಳೆಯನ್ನು ಅವರು ನೋಡಲೇ ಇಲ್ಲ.

ಸಾಂಗ್ಲಿಯ ಕಲಾಮಂಡಳಿಯವರು ಶ್ರದ್ಧಾಂಜಲಿ ಸಭೆ ಮಾಡಿದರು. ವೇದಿಕೆಯ ಮೇಲೆ ಮಾವಶಿಯ ಭಾವಚಿತ್ರ, ಪಕ್ಕದಲ್ಲಿ ಅದೇ ಕಾಡಿಗೆ ಆಕಾಶದ ಗುಡ್ಡ. ಎರಡಕ್ಕೂ ಹಾರ. ಅಧ್ಯಕ್ಷರು ಹೇಳಿದರು, ಜೀವನದಲ್ಲಿ ಯಾವುದೂ ಪೂರ್ತಿ ಕಪ್ಪಲ್ಲ, ಪೂರ್ತಿ ಬಿಳುಪಲ್ಲ, ಎಲ್ಲವೂ ನಡುವಿನದು, ಅದನ್ನೇ ಡಾಕ್ಟರ್ ಬಾಯಿ ನಮಗೆ ಕಲಿಸಿದರು ಎಂದು. ಚಪ್ಪಾಳೆ ಬಿತ್ತು.

ನಾನು ಮೊದಲು ಹೇಳಿದ ಹಸಿ ಸುಳ್ಳು ಇದೇ. ಅವರು ಕಲಿಸಿದ್ದು ಇದರ ತಿರುವುಮುರುವು. ಖರೇ ಕಪ್ಪನ್ನೂ ಖರೇ ಬಿಳುಪನ್ನೂ ಮೊದಲು ಗುರುತಿಸದವನಿಗೆ ಬೂದಿನ ಬಗ್ಗೆ ಮಾತಾಡುವ ಹಕ್ಕಿಲ್ಲ ಎಂದು. ಎಲ್ಲವೂ ನಡುವಿನದು ಎಂದವರ ಫೋಟೋವನ್ನು ಅವರು ಕಸದ ಬುಟ್ಟಿಗೆ ಹಾಕುತ್ತಿದ್ದರು. ಇದನ್ನು ನಾನು ಮೈಕು ಹಿಡಿದು, ಇದಕ್ಕಿಂತ ಕೆಟ್ಟ ಮಾತುಗಳಲ್ಲಿ ಹೇಳಿದೆ. ಹಾರ ಹಾಕಿದ ಆ ಗುಡ್ಡ ಅವರದ್ದಲ್ಲ, ಅವರು ಬದುಕಿದ್ದಾಗ ಇದೇ ಊರಲ್ಲಿ ಅದನ್ನು ಇಳಿಸಿ ಎಂದಿದ್ದರು, ಸತ್ತ ಮೇಲೆ ಏರಿಸಿದ್ದೀರಿ ಎಂದೆ. ಸಂಯೋಜಕರು ಮೈಕು ತೆಗೆದುಕೊಂಡು, ಆಪ್ತರ ಭಾವನೆ ನಮಗೆ ಅರ್ಥವಾಗುತ್ತದೆ ಎಂದರು. ಹಾರ ಹಾಗೇ ಇತ್ತು. ಚೆನ್ನಾಗಿ ಮಾತಾಡಿದೆ ಎಂದು ಇಬ್ಬರು ಬಂದು ಕೈಕುಲುಕಿದರು. ಚಪ್ಪಾಳೆಯಿಂದಲೂ ಕೈಕುಲುಕುವಿಕೆಯಿಂದಲೂ ಗುಡ್ಡದ ಮೇಲೆ ಏನು ಪರಿಣಾಮವಾಗುತ್ತದೆ ಎನ್ನುವುದು ನನಗೆ ಆವತ್ತು ಪೂರ್ತಿ ತಿಳಿಯಿತು.

ಅವರು ನೋಡದ ಆ ಹಾಳೆಗೆ ಕಟ್ಟು ಹಾಕಿಸಿ ಅವ್ವ ಶಾಲೆಯ ಆಫೀಸಿನ ಗೋಡೆಗೆ ತೂಗುಹಾಕಿದಳು. ಅದು ಸರಿಯಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕೇಳಲು ಯಾರೂ ಇರಲಿಲ್ಲ.

ಚಳಿಗಾಲದಲ್ಲಿ ಷರತ್ತಿನ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಮೊದಲೇ ತಿಳಿಸಿ ಬಂದಿದ್ದರಿಂದ ಕ್ರಶರ್ ಎರಡು ದಿನದಿಂದ ಬಂದ್. ಗುಡ್ಡ ನಿಚ್ಚಳ. ಜೀಪು ಚಾಲೂ ಇಟ್ಟೇ ಸಹಿಗಾಗಿ ಆಫೀಸಿನೊಳಗೆ ಬಂದರು. ನಾನು ಅವ್ವನ ಜೊತೆ ಅಲ್ಲೇ ಇದ್ದೆ; ಹೇಳಬೇಕಾದ್ದೆಲ್ಲ ಸಾಲುಸಾಲಾಗಿ ಸಿದ್ಧ ಮಾಡಿಕೊಂಡಿದ್ದೆ. ಅವರು ಗೋಡೆಯ ಫೋಟೋದ ಮುಂದೆ ನಿಂತರು. ಶಾಲೆಯ ಫೋಟೋ ಎಂದು ತಿಳಿದು ಹತ್ತಿರ ಹೋದರು. ಜೇಬಿನಿಂದ ಕರ್ಚೀಫು ತೆಗೆದು ಗಾಜಿನ ಕೆಳಗಿನ ಅರ್ಧವನ್ನು ಒರೆಸಿದರು. ಹಿಂದೆ ಸರಿದು ನೋಡಿದರು. ಮತ್ತೆ ಒರೆಸಿದರು, ಈ ಸಲ ಶಾಲೆಯ ಕಿಟಕಿಯ ಮೇಲೆ, ಒತ್ತಿ.

ಅವ್ವ ಹಾಜರಿ ಪುಸ್ತಕದಿಂದ ತಲೆಯೆತ್ತದೆ ಹೇಳಿದಳು: “ಸಾಹೇಬ, ತೇ ಆತ ಆಹೇ.” ಅದು ಗಾಜಿನ ಮೇಲಿಲ್ಲ, ಒಳಗಿದೆ.

ಅವರು ಕರ್ಚೀಫು ತಿರುಗಿಸಿ ನೋಡಿಕೊಂಡರು. ಏನೂ ಹತ್ತಿರಲಿಲ್ಲ. ಕಿಟಕಿಯಾಚೆಯ ಗುಡ್ಡ ನೋಡಿದರು, ಗೋಡೆಯ ಗುಡ್ಡ ನೋಡಿದರು. ಬಾಗಿಲಿಗೆ ಹೋಗಿ ಡ್ರೈವರಿಗೆ ಜೀಪು ಬಂದ್ ಮಾಡಲು ಕೈಸನ್ನೆ ಮಾಡಿ ಬಂದು ಕುರ್ಚಿ ಎಳೆದು ಕೂತರು. ಹೀಗಿರುವ ದಿನ ನೋಡಬೇಕಾದರೆ ಯಾವಾಗ ಬರಲಿ ಎಂದು ಅವ್ವನನ್ನು ಕೇಳಿದರು.

“ಯಾರಿಗೂ ಹೇಳದೆ ಬನ್ನಿ” ಎಂದಳು ಅವ್ವ, ಅದೂ ಮರಾಠಿಯಲ್ಲೇ.

ನಾನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಅದನ್ನು ನೋಡಲು ಮಾವಶಿ ಇರಬೇಕಿತ್ತು. ಇರಲಿಲ್ಲ. ಅದಕ್ಕೆ ಯಾರ ಮೇಲೆ ಸಿಟ್ಟು ಮಾಡಬೇಕು ಎನ್ನುವುದೊಂದು ನನಗೆ ಇನ್ನೂ ಗೊತ್ತಾಗಿಲ್ಲ.